ಯಾರೂ ಹೆಸರು ಹೇಳಲಿಲ್ಲ

ಅಂಬುಜಾ ಗೇಟಿನ ಚಿಲಕಕ್ಕೆ ಇನ್ನೇನು ಕೈ ಹಾಕಬೇಕು, ಅಷ್ಟರಲ್ಲಿ ಮೇಲಿನ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಬಗ್ಗಿ ನೋಡಿದಳು.

"ಯಾರ ಮನೀಗ್ರೀ?"

"ಪುಟ್ಟಲಕ್ಷ್ಮಿ ಅವರ ಮನೆಗಮ್ಮ."

"ಹಂಗಾರ ಗೇಟ್ ತೆಗಿಯೋಮುಂದ ನಿಮ್ಮ ಹೆಸರು ಜೋರಾಗಿ ಹೇಳ್ರಿ. ಇಲ್ಲಾಂದ್ರ ಅವ್ವಾರು ಒಲಿ ಮ್ಯಾಲಿಂದು ಬಿಟ್ಟು ಓಡಿ ಬರ್ತಾರ."

ಅಂಬುಜಾ ಅವರ ಕೈ ಚಿಲಕದ ಮೇಲೇ ನಿಂತಿತು. ಈ ಮಾತನ್ನು ಅವರು ಮೊದಲೇ ಓದಿದ್ದರು. ಎಲ್ಲಿ ಎಂದು ನೆನಪಿಸಿಕೊಳ್ಳುವ ಕಷ್ಟವೂ ಇರಲಿಲ್ಲ, ಆ ಹಾಳೆಗಳು ಹೆಗಲಿನ ಚೀಲದಲ್ಲೇ ಇದ್ದವು.

ಬಸವೇಶ್ವರನಗರದ ಶ್ರೀರಾಮ್ ಅವರ ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ಬಳಗ ಅವರದು. ಹೆಸರಾಂತ ಸಾಹಿತಿಗಳು ಯಾರೂ ಇಲ್ಲ. ಬ್ಯಾಂಕಿನಲ್ಲಿದ್ದವರು, ಪಾಠ ಹೇಳಿದವರು, ಮಕ್ಕಳು ಕೈಗೆ ಬಂದ ಮೇಲೆ ಪೆನ್ನು ಹಿಡಿದವರು, ಇಂಥವರೇ. ಪ್ರತಿ ತಿಂಗಳೂ ಬರೆಯುವುದಕ್ಕೆ ಒಂದು ಸವಾಲು. ಗೆದ್ದವರಿಗೆ ಬಹುಮಾನವಿಲ್ಲ, ಬರೆಯದೆ ಬಂದವರು ಮಾತ್ರ ಎಲ್ಲರೆದುರು ಒಂದು ಹಾಡು ಹೇಳಬೇಕು. ಶ್ರೀರಾಮ್ ಎಷ್ಟು ಸಲ ಹಾಡಿದ್ದಾರೋ ಲೆಕ್ಕವಿಲ್ಲ. ಅಂಬುಜಾ ಒಮ್ಮೆಯೂ ಹಾಡಿದವರಲ್ಲ. ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದವರು, ಬರೆಯದೆ ಬರುವುದೆಂದರೇನು?

ಈ ತಿಂಗಳ ಸವಾಲು ಅರ್ಧ ಕಥೆ. ಒಬ್ಬರು ಶುರು ಮಾಡಿ ನಡುವೆ ನಿಲ್ಲಿಸಬೇಕು. ಯಾರ ಅಕ್ಷರವೆಂದು ತಿಳಿಯದಿರಲಿ ಎಂದು ಎಲ್ಲರ ಅರ್ಧವನ್ನೂ ರಾಗಿಣಿ ಟೈಪು ಮಾಡಿ, ಚೀಟಿ ಎತ್ತಿಸಿ, ಹಂಚಿದ್ದಳು. ಸಿಕ್ಕಿದವರು ಅದನ್ನು ಮುಗಿಸಿ ತರಬೇಕು. ಆಮೇಲೆ ಶುರು ಮಾಡಿದವರೇ ಎದ್ದು ನಿಂತು, ತಮ್ಮ ಕಥೆಯ ಕೊನೆಯನ್ನು ಆಗಲೇ ಮೊದಲ ಸಲ ನೋಡುತ್ತಾ ಗಟ್ಟಿಯಾಗಿ ಓದಬೇಕು. ಓದಿದ ಹಾಳೆ ಅವರದೇ, ಮನೆಗೆ ಒಯ್ಯಬಹುದು. ಈ ಕೊನೆಯ ನಿಯಮ ಅಂಬುಜಾ ಅವರದು. "ಓದೋರ ಮುಖ ನೋಡ್ಬೇಕು ಕಣ್ರೀ, ಮಜಾ ಇರೋದೇ ಅಲ್ಲಿ" ಎಂದು ಅವರೇ ಹಟ ಹಿಡಿದು ಸೇರಿಸಿದ್ದು.

ಅವರಿಗೆ ಸಿಕ್ಕಿದ ಅರ್ಧ ಕಥೆಯಲ್ಲಿ ಮರೆವಿನ ಕಾಯಿಲೆಯ ಗಂಡನೊಬ್ಬ ಹಾಲು ತರುತ್ತೇನೆಂದು ಹೋದವನು ಹಿಂದಿರುಗುವುದಿಲ್ಲ. ಗೇಟು ಸದ್ದಾದರೆ ಸಾಕು, ಹೆಂಡತಿ ಇದ್ದಬದ್ದ ಕೆಲಸ ಬಿಟ್ಟು ಓಡುತ್ತಾಳೆ. ಅವಳು ಓಡಿ ಬಂದು ಮುಖ ಸಪ್ಪಗೆ ಮಾಡಿಕೊಂಡು ನಿಲ್ಲುವುದನ್ನು ನೋಡಲಾರದೆ ಬೀದಿಯವರೆಲ್ಲ ಗೇಟು ತೆಗೆಯುವಾಗಲೇ ಹೆಸರು ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ನಾನೇ, ಪೇಪರಿನವನು. ನಾನೇ, ಪಕ್ಕದ ಮನೆಯವಳು. ಹೀಗೆ ಸಾಗಿ ಕಥೆ ನಿಂತಿದ್ದು ಈ ಎರಡು ಸಾಲಿನಲ್ಲಿ: "ಸಂಜೆ ಗೇಟು ಸದ್ದಾಯಿತು. ಯಾರೂ ಹೆಸರು ಹೇಳಲಿಲ್ಲ."

ಅಬ್ಬಾ, ಎಂಥ ಕಲ್ಪನೆ ಎಂದು ಅಂಬುಜಾ ತಲೆದೂಗಿದ್ದರು. ರಾಗಿಣಿಯದೇ ಇರಬೇಕು ಎಂದುಕೊಂಡರು. ಬೇರೆಯವರಾಗಿದ್ದರೆ ಗಂಡನನ್ನು ವಾಪಸು ಕರೆತಂದು ಕಣ್ಣೀರು ಸುರಿಸುತ್ತಿದ್ದರು. ಅಂಥ ಅಂತ್ಯಗಳಿಗೆ ಅಂಬುಜಾ ಪಾಯಸ ಎಂದು ಹೆಸರಿಟ್ಟಿದ್ದರು. ತಾವು ಮಾತ್ರ ಕಲ್ಲೆದೆಯವರ ಹಾಗೆ ಕೂತು ಬರೆದರು: ಗೇಟಿನಲ್ಲಿ ನಿಂತವನು ಪೊಲೀಸಿನವನು, ಅವನ ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಒಂದು ಜೊತೆ ಚಪ್ಪಲಿ. ಎಡಗಾಲಿನ ಚಪ್ಪಲಿಗೆ ಹಾಕಿಸಿದ್ದ ಹೊಲಿಗೆಯನ್ನು ಹೆಂಡತಿ ಗುರುತು ಹಿಡಿಯುತ್ತಾಳೆ. ಅಂದು ರಾತ್ರಿ ಮೊದಲ ಸಲ ಗೇಟಿಗೆ ಬೀಗ ಹಾಕುತ್ತಾಳೆ. ಬರೆದು ಮುಗಿಸಿದಾಗ ಅಂಬುಜಾ ಅವರಿಗೆ ತಮ್ಮ ಬಗ್ಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಕಾಫಿ ಮಾಡಿಕೊಂಡು ಕುಡಿಯುತ್ತಾ ಇನ್ನೊಮ್ಮೆ ಓದಿಕೊಂಡಿದ್ದರು.

ಈಗ ಕೆಂಗೇರಿ ಉಪನಗರದ ಈ ಗೇಟಿನ ಮುಂದೆ ನಿಂತು ಮೇಲಿನವಳನ್ನು ಕೇಳಿದರು, "ಯಾಕಮ್ಮ, ಹೆಸರು ಯಾಕೆ ಹೇಳ್ಬೇಕು?"

"ಅವ್ವಾರ ಯಜಮಾನ್ರು, ನಾರಾಯಣಪ್ಪನೋರು, ಯುಗಾದಿಕಿಂತ ಮೊದ್ಲು ಹಾಲು ತರ್ತೀನಂತ ಹೋದವ್ರು ಬಂದಿಲ್ರೀ. ಮರವು ಇತ್ತು ಅವರಿಗೆ. ಎಲ್ಲಾ ಕಡೆ ಹುಡುಕಿಸ್ಯಾರ." ಹೆಂಗಸು ಬಾಲ್ಕನಿಯಿಂದ ಇನ್ನಷ್ಟು ಬಗ್ಗಿ ದನಿ ತಗ್ಗಿಸಿದಳು. "ನಿಮಗ ಹೇಳಿಲ್ಲೇನ್ರಿ?"

ಹೇಳಿರಲಿಲ್ಲ. ಪುಟ್ಟಲಕ್ಷ್ಮಿ ಬಳಗಕ್ಕೆ ಹೊಸಬರು. ಮಳೆಗಾಲದಲ್ಲಿ ಸೇರಿದ್ದು. ಮೂಲೆಯ ಕುರ್ಚಿ ಹಿಡಿದು ಕೂತರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಯಜಮಾನರು ಏನು ಮಾಡ್ತಾರೆ ಎಂದು ಯಾರೋ ಕೇಳಿದಾಗ "ಊರಲ್ಲಿಲ್ಲ" ಎಂದಿದ್ದರು, ಎಲ್ಲರೂ ಅಷ್ಟಕ್ಕೇ ಬಿಟ್ಟಿದ್ದರು. ಈ ತಿಂಗಳ ತಿಂಡಿಯ ಸರದಿ ಅವರದು. ಅಂಬುಜಾ ಬೆಳಿಗ್ಗೆ ಹಳೇ ಕೆಂಗೇರಿಯಲ್ಲೊಂದು ನಾಮಕರಣಕ್ಕೆ ಬರುವವರಿದ್ದುದರಿಂದ, ತಿಂಡಿ ದಬರಿ ಭಾರ ಇದೆ ಮೇಡಂ, ಹಾಗೇ ಬಂದು ನನ್ನನ್ನೂ ಆಟೋದಲ್ಲಿ ಕರ್ಕೊಂಡು ಹೋಗ್ತೀರಾ ಎಂದು ಪುಟ್ಟಲಕ್ಷ್ಮಿಯೇ ಫೋನು ಮಾಡಿದ್ದರು.

"ನಾನು ಅಂಬುಜಾ" ಎಂದು ಕೂಗಿ ಅಂಬುಜಾ ಗೇಟು ತೆಗೆದರು. ಅವರ ದನಿ ಅವರಿಗೇ ಬೇರೆ ಯಾರದೋ ಎನಿಸಿತು.

ಒಳಗೆ ಅವರೆಕಾಳಿನ ಉಪ್ಪಿಟ್ಟಿನ ಘಮ. ಪುಟ್ಟಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನೀರು ಕೊಟ್ಟರು. ಊಟದ ಮೇಜಿನ ಮೇಲೆ ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿತ್ತು. ಹಾಲಿನ ಕುರ್ಚಿಯ ಬೆನ್ನಿಗೆ ಗಂಡಸರ ಟವೆಲು, ಒಗೆದು ಮಡಿಸಿದ್ದು. ಅಂಬುಜಾ ನೀರನ್ನು ಕುಡಿಯಲು ಹೋಗಿ ಲೋಟ ಹಾಗೇ ಕೆಳಗಿಟ್ಟರು.

ಆಟೋ ಮೈಸೂರು ರಸ್ತೆ ಹಿಡಿದಾಗ ಇಬ್ಬರ ನಡುವೆ ದಬರಿ ಬೆಚ್ಚಗೆ ಕೂತಿತ್ತು. ಬರೆದೇ ಇಲ್ಲ ಎಂದುಬಿಟ್ಟರೆ ಮುಗಿಯಿತಲ್ಲ ಎಂದು ಅಂಬುಜಾ ಯೋಚಿಸಿದರು. ಒಂದು ದೇವರನಾಮ ಹಾಡಿದರಾಯಿತು. ಮಾನ ಹೋದರೆ ಹೋಯಿತು, ಈ ಹೆಂಗಸಿನ ಬಾಯಲ್ಲಿ ಅದನ್ನು ಓದಿಸುವುದು ಬೇಡ.

ಅವರ ಮನಸ್ಸಿನಲ್ಲಿದ್ದುದು ಕೇಳಿಸಿತೋ ಎಂಬಂತೆ ಪುಟ್ಟಲಕ್ಷ್ಮಿ ಬಾಯಿಬಿಟ್ಟರು. "ನನ್ನ ಕಥೆ ಯಾರ ಕೈಗೆ ಹೋಗಿದ್ಯೋ ಮೇಡಂ. ತಿಂಗಳಿಂದ ಅದೇ ಯೋಚ್ನೆ. ಬೆಳಿಗ್ಗೆ ಎದ್ರೆ, ಇವತ್ತು ಅವರು ಬರೀತಾ ಇರ್ಬಹುದೇನೋ ಅನ್ಸುತ್ತೆ."

"ಯಾರಾದ್ರೂ ಬರೀದೇ ಬಂದ್ರೆ?"

"ಅಯ್ಯೋ, ಹಾಗನ್ಬೇಡಿ." ಪುಟ್ಟಲಕ್ಷ್ಮಿ ದಬರಿಯ ಮುಚ್ಚಳವನ್ನು ಒತ್ತಿ ಹಿಡಿದರು. "ಏನಾದ್ರೂ ಸರಿ, ಒಂದು ಕೊನೆ ಅಂತ ಬರ್ಲಿ. ಅಲ್ಲೇ ನಿಂತುಬಿಟ್ಟಿದೆ ಅದು."

ಅಂಬುಜಾ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ ಅಂದರೆ ಇದೇ. ನಾಯಂಡಹಳ್ಳಿಯ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಫುಟ್‌ಪಾತಿನಲ್ಲಿ ಒಬ್ಬ ಮುದುಕ ಕೈಯಲ್ಲಿ ಖಾಲಿ ಚೀಲ ಹಿಡಿದು ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಿದ್ದ. ಪುಟ್ಟಲಕ್ಷ್ಮಿ ಆಟೋದಿಂದ ಅರ್ಧ ಹೊರಗೆ ಬಗ್ಗಿ ಅವನ ಮುಖ ನೋಡಿದರು. ಆಮೇಲೆ ನೆಟ್ಟಗೆ ಕೂತರು. ಅದು ಅವರಿಗೆ ಎಷ್ಟು ಅಭ್ಯಾಸವಾಗಿ ಹೋಗಿತ್ತೆಂದರೆ, ಹಾಗೆ ಮಾಡಿದ್ದು ಅವರ ಗಮನಕ್ಕೇ ಬಂದಂತಿರಲಿಲ್ಲ.

ಶ್ರೀರಾಮ್ ಅವರ ಮಹಡಿಯಲ್ಲಿ ಎಲ್ಲರೂ ಉಪ್ಪಿಟ್ಟು ಹೊಗಳಿ ತಿಂದರು. ಅಂಬುಜಾ ತಟ್ಟೆಯಲ್ಲಿ ಅವರೆಕಾಳನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತಾ ಕೂತಿದ್ದರು. ಕಥೆಗಳು ಶುರುವಾದವು. ಒಂದೆರಡು ಚೆನ್ನಾಗಿಯೂ ಇದ್ದವು, ಎಲ್ಲರೂ ನಕ್ಕರು. ಅಂಬುಜಾ ಅವರ ತಲೆಗೆ ಒಂದೂ ಹೋಗಲಿಲ್ಲ.

ಪುಟ್ಟಲಕ್ಷ್ಮಿಯ ಸರದಿ ಬಂತು. ಎದ್ದು ನಿಂತು, ರಾಗಿಣಿ ಕೊಟ್ಟ ಇನ್ನೊಂದು ಪ್ರತಿಯಿಂದ ತಮ್ಮ ಅರ್ಧವನ್ನು ಪಾಠ ಒಪ್ಪಿಸುವವರ ಹಾಗೆ ಏರಿಳಿತವಿಲ್ಲದೆ ಓದಿದರು. "ಯಾರೂ ಹೆಸರು ಹೇಳಲಿಲ್ಲ" ಎಂದು ನಿಲ್ಲಿಸಿ ಸುತ್ತ ನೋಡಿದರು. "ಇದನ್ನ ಮುಗಿಸಿದೋರು ಯಾರು?"

ಅಂಬುಜಾ ಕೈ ಎತ್ತಿದರು.

"ಮುಗೀತು ಬಿಡಿ" ಎಂದರು ಶ್ರೀರಾಮ್. "ಮೇಡಂ ಕೈಗೆ ಸಿಕ್ಕಿದ್ಮೇಲೆ ಆ ಯಜಮಾನ್ರು ಉಳಿಯೋದುಂಟಾ?"

ಎಲ್ಲರೂ ನಕ್ಕರು. ಪುಟ್ಟಲಕ್ಷ್ಮಿಯೂ ತುಸು ನಕ್ಕು ಕೈ ಚಾಚಿದರು.

"ನಾನೇ ಓದ್ತೀನಿ" ಎಂದರು ಅಂಬುಜಾ.

"ಅದು ಹೇಗಾಗುತ್ತೆ ಮೇಡಂ? ರೂಲ್ ಮಾಡಿದ್ದೇ ನೀವು" ಎಂದಳು ರಾಗಿಣಿ.

"ಈಚೆಗೆ ಕೈ ನಡುಗುತ್ತೆ, ಅಕ್ಷರ ಕೆಟ್ಟಿದೆ. ಇದೊಂದು ಸಲ ಬಿಡಿ."

ಅಂಬುಜಾ ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಆದರೂ ಅವರ ಮುಖ ನೋಡಿ ಯಾರೂ ಎದುರಾಡಲಿಲ್ಲ. ಅವರು ಹಾಳೆ ಬಿಡಿಸಿ ಹಿಡಿದರು. ಮೊದಲ ಸಾಲಿನಲ್ಲೇ ಪೊಲೀಸಿನವನು ಕವರು ಹಿಡಿದು ನಿಂತಿದ್ದ. ಅವನನ್ನು ದಾಟಿ ಹೋಗುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಗಂಡನನ್ನು ಕರೆತರುವ ಸುಳ್ಳು ಬಾಯಿಗೆ ಬರಲಿಲ್ಲ, ಅದು ಇನ್ನೂ ದೊಡ್ಡ ಕ್ರೌರ್ಯ. ಆಗ ನಾಯಂಡಹಳ್ಳಿಯ ಮುದುಕ ಅವರ ಕಣ್ಣಿಗೆ ಕಟ್ಟಿದ.

"ಅವಳು ಓಡಿ ಹೋದಳು" ಎಂದು ಶುರು ಮಾಡಿದರು. "ಗೇಟು ಹಿಡಿದುಕೊಂಡು ಒಬ್ಬ ಮುದುಕ ನಿಂತಿದ್ದ. ಅವಳ ಗಂಡನಲ್ಲ. ಅವಳು ಎಂದೂ ಕಂಡವನಲ್ಲ. ಯಾರು ನೀವು ಎಂದಳು. ಅವನು ಬಹಳ ಹೊತ್ತು ಯೋಚಿಸಿದ. ಅವನು ಹೆಸರು ಹೇಳದೇ ಇದ್ದದ್ದು, ಅದು ಅವನಿಗೇ ಗೊತ್ತಿಲ್ಲದ್ದರಿಂದ."

ಅಂಬುಜಾ ಹೇಳುತ್ತಾ ಹೋದರು. ಅವಳು ಮುದುಕನನ್ನು ಒಳಗೆ ಕರೆದಳು. ಕಾಲಿಗೆ ನೀರು ಕೊಟ್ಟಳು. ಗಂಡನಿಗೆಂದು ಮುಚ್ಚಿಟ್ಟಿದ್ದ ತಟ್ಟೆಯನ್ನು ಸರಿಸಿ ಅವನ ಮುಂದಿಟ್ಟಳು. ಅವನು ಹಸಿದವರ ಹಾಗೆ ಗಬಗಬನೆ ಉಣ್ಣುತ್ತಿದ್ದಾಗ ಅವನ ಅಂಗಿಯ ಜೇಬಿನೊಳಗೆ ಯಾರೋ ಹೊಲಿದಿದ್ದ ಬಟ್ಟೆಯ ಚೂರು ಕಂಡಿತು, ಅದರಲ್ಲಿ ಫೋನ್ ನಂಬರು. ಅವಳು ಆ ನಂಬರಿಗೆ ಫೋನು ಮಾಡಿದಳು. ಆ ಕಡೆ ಮೊದಲ ರಿಂಗ್ ಮುಗಿಯುವ ಮುನ್ನವೇ ಎತ್ತಿದ್ದು ಒಬ್ಬ ಹೆಂಗಸು.

"ನಿಮ್ಮವರು ನಮ್ಮ ಮನೆಯಲ್ಲಿದ್ದಾರಮ್ಮ ಎಂದಳು. ಊಟ ಮಾಡ್ತಾ ಇದ್ದಾರೆ ಎಂದಳು." ಅಂಬುಜಾ ಹಾಳೆ ಮಡಿಸಿದರು. "ಅಷ್ಟೇ."

ರಾಗಿಣಿ ಮೂಗು ಒರೆಸಿಕೊಂಡಳು. ಪುಟ್ಟಲಕ್ಷ್ಮಿ ಇನ್ನೂ ನಿಂತೇ ಇದ್ದರು.

"ಆ ಮನೆಯವರು ಬಂದ್ರಾ ಮೇಡಂ?"

"ಹೊರಟಿದ್ದಾರೆ."

"ಬರೋಕೆ ಎಷ್ಟು ಹೊತ್ತಾಗುತ್ತೆ?"

"ದೂರದ ಊರು, ಪುಟ್ಟಲಕ್ಷ್ಮಿ."

ವಾಪಸು ಹೋಗುವಾಗ ಖಾಲಿ ದಬರಿಯ ನೆಪ ಮಾಡಿಕೊಂಡು ಅಂಬುಜಾ ತಾವೂ ಆಟೋ ಹತ್ತಿದರು. ಮೆಟ್ರೋ ಕಂಬಗಳು ಒಂದರ ಹಿಂದೊಂದು ಹಿಂದೆ ಸರಿದವು. ಕೆಂಗೇರಿ ಹತ್ತಿರ ಬಂದಾಗ ಪುಟ್ಟಲಕ್ಷ್ಮಿ ಕೈ ಚಾಚಿದರು.

"ಹಾಳೆ ಕೊಡಿ ಮೇಡಂ. ಅದು ನಂದಲ್ವಾ?"

"ಬೇಡ. ನಾನು ಹೇಳಿದ್ದು ಇದರಲ್ಲಿಲ್ಲ."

"ಗೊತ್ತು. ಅಷ್ಟುದ್ದ ಹೇಳಿದ್ರಿ, ಹಾಳೆ ಒಂದ್ಸಲವೂ ತಿರುಗಿಸಲಿಲ್ಲ." ಅವರ ದನಿಯಲ್ಲಿ ಕೋಪವಿರಲಿಲ್ಲ. "ಇದರಲ್ಲಿ ಯಾರು ಬಂದಿದಾರೆ?"

ಅಂಬುಜಾ ರಸ್ತೆಯನ್ನೇ ನೋಡುತ್ತಾ ಹೇಳಿದರು. "ಪೊಲೀಸು."

"ಇವರು ಇಲ್ವಾ?"

"ಇಲ್ಲ. ನನಗೆ ಗೊತ್ತಿರ್ಲಿಲ್ಲ, ಪುಟ್ಟಲಕ್ಷ್ಮಿ. ಕಥೆ ಅಂದ್ಕೊಂಡೆ. ತಪ್ಪಾಯ್ತು."

ಪುಟ್ಟಲಕ್ಷ್ಮಿ ದಬರಿಯೊಳಗೆ ನೋಡುತ್ತಾ ಕೂತರು. "ನನಗೂ ಅದೇ ಬರೋದು ಮೇಡಂ. ಬರೆಯೋಕೆ ಕೂತಾಗೆಲ್ಲ ಪೊಲೀಸೇ ಬರೋನು. ಅದಕ್ಕೇ ಅರ್ಧಕ್ಕೆ ನಿಲ್ಲಿಸಿ ಕೊಟ್ಟೆ. ಬೇರೆಯವರಿಗಾದ್ರೂ ಬೇರೆ ಥರ ಬರುತ್ತೇನೋ ಅಂತ." ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡರು. "ಆಮೇಲೆ ನಿಮಗೆ ಬೇರೇದು ಬಂತಲ್ಲ, ಬಿಡಿ. ಊಟ ಹಾಕಿದ್ಲಲ್ಲ ಅವಳು, ಅದು ಒಳ್ಳೇದಾಯ್ತು."

ಪುಟ್ಟಲಕ್ಷ್ಮಿ ಅಂಬುಜಾ ಅವರ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡರು, ಬಿಡಿಸಲಿಲ್ಲ. ನಾಲ್ಕಾಗಿ ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡರು. ಅಂಬುಜಾ ಬೇಡವೆನ್ನಲಿಲ್ಲ.

ಮನೆ ಮುಟ್ಟಿದಾಗ ಮುಸ್ಸಂಜೆ. ಒಂದು ಲೋಟ ಕಾಫಿ ಕುಡಿದೇ ಹೋಗಬೇಕೆಂದು ಪುಟ್ಟಲಕ್ಷ್ಮಿ ದಬರಿ ಹಿಡಿದು ಮುಂದೆ ನಡೆದರು. ಆಟೋದವನನ್ನು ಕಾಯಲು ಹೇಳಿ ಅಂಬುಜಾ ಹಿಂದೆ ಉಳಿದರು. ಸೀಟಿನ ಮೇಲೆ ದಬರಿಯ ಮುಚ್ಚಳ ಮರೆತುಹೋಗಿತ್ತು. ಅದನ್ನು ಎತ್ತಿಕೊಂಡು ಬರುವಷ್ಟರಲ್ಲಿ ಅಡುಗೆಮನೆಯ ದೀಪ ಹತ್ತಿ, ನಲ್ಲಿಯ ನೀರು ಪಾತ್ರೆಗೆ ಬೀಳುವ ಸದ್ದು ಹೊರಗೆ ಕೇಳುತ್ತಿತ್ತು.

ಅಂಬುಜಾ ಗೇಟು ತಳ್ಳಿದರು. ಅದು ಕಿರ್ರೆಂದಿತು.

ಒಳಗೆ ನಲ್ಲಿ ನಿಂತಿತು. ಅಂಬುಜಾ ಮುಚ್ಚಳ ಎದೆಗವುಚಿಕೊಂಡು ಗೇಟಿನಲ್ಲೇ ನಿಂತರು.

"ನಾನೇ" ಎಂದರು. ದನಿ ಏರಿಸಿ ಇನ್ನೊಮ್ಮೆ ಹೇಳಿದರು. "ಪುಟ್ಟಲಕ್ಷ್ಮಿ, ನಾನೇ, ಅಂಬುಜಾ."

ಸ್ವಲ್ಪ ಹೊತ್ತಿಗೆ ಒಳಗೆ ನೀರು ಮತ್ತೆ ಬೀಳತೊಡಗಿತು.