ಕರಿಗಾಡಿಯ ಬಾಗಿಲು

ಜಜ್ಜಿದ ಗಾಡಿಯನ್ನು ತಟ್ಟಿ ನೇರ ಮಾಡುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ತಗ್ಗು ತುಂಬುವ ಪುಟ್ಟಿ ಹಚ್ಚಿ ಉಜ್ಜಿದ ಮೇಲೆ, ಪೆಟ್ಟು ಬಿದ್ದ ಜಾಗ ಯಾವುದೆಂದು ಗಾಡಿಯ ಒಡೆಯನೇ ಹುಡುಕಾಡುವಂತೆ ಮಾಡುವವನು ಮೇಸ್ತ್ರಿ ಒಬ್ಬನೇ. ‘ಅವನ ಅಂಗೈಯಲ್ಲಿ ಕಣ್ಣಿದೆ’ ಎಂದು ಜನ ಹೇಳುತ್ತಿದ್ದರು. ಮೇಸ್ತ್ರಿ ಅದನ್ನು ಅಲ್ಲಗಳೆದವನಲ್ಲ. ತಲೆ ತಗ್ಗಿಸಿ, “ಎಲ್ಲ ದೇವರು ಕೊಟ್ಟಿದ್ದು” ಎನ್ನುತ್ತಿದ್ದ. ದೇವರ ಹೆಸರನ್ನು ಮುಂದಿಟ್ಟು ಮನುಷ್ಯರ ಹೆಸರನ್ನು ಮರೆಮಾಡುವುದು ಎಷ್ಟು ಸುಲಭ!

ಹೆಂಡತಿ ತೀರಿಹೋದ ಮೇಲೆ ಅವನ ಶೆಡ್ಡಿಗೆ ಬಂದ ಮೊದಲ ಕೆಲಸವೇ ಅವಳನ್ನು ಹೊತ್ತೊಯ್ದಿದ್ದ ಹೆಣದ ಗಾಡಿ. ಸ್ಮಶಾನದ ಗೇಟಿನ ಕಂಬಕ್ಕೆ ತಗುಲಿ ಅದರ ಎಡಬಾಗಿಲು ಬೋಗುಣಿಯಂತೆ ಒಳಗೆ ಹೋಗಿತ್ತು.

“ಮೇಸ್ತ್ರಿ, ನನ್ನ ಗಾಡೀಲಿ ಮಲಗಿ ಹೋದೋರು ಇವತ್ತಿನವರೆಗೂ ಒಂದು ದೂರು ಹೇಳಿಲ್ಲ” ಎಂದ ಡ್ರೈವರು. “ಕಷ್ಟ ಏನಿದ್ರೂ ಪಕ್ಕದಲ್ಲಿ ನಡೆದು ಬರೋರದ್ದು. ಪಾಪ, ಯಾರ ಮುಖಾನೂ ನೋಡೋಕಾಗಲ್ಲ. ಈ ಬಾಗಿಲನ್ನೇ ನೋಡ್ಕೊಂಡು ಬರ್ತಾರೆ. ಕನ್ನಡಿ ಇದ್ದಂಗಿರಬೇಕು ಇದು.” ಅಷ್ಟು ಹೇಳಿದ ಮೇಲೆ, ಯಾರ ಮುಂದೆ ಮಾತಾಡುತ್ತಿದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

“ಆಗಲಿ, ಬಿಟ್ಟು ಹೋಗಿ” ಎಂದ ಮೇಸ್ತ್ರಿ. ಹೆಂಡತಿಯನ್ನು ಒಯ್ದ ದಿನ ಅವನೂ ಅದೇ ಬಾಗಿಲನ್ನು ನೋಡಿಕೊಂಡು ನಡೆದಿದ್ದ.

ಶೆಡ್ಡಿನಲ್ಲಿ ಇದ್ದವರು ಇಬ್ಬರೇ. ತಗಡು ಮತ್ತು ಪುಟ್ಟಿಯ ಕೆಲಸ ಮೇಸ್ತ್ರಿಯದು, ಬಣ್ಣ ಹೊಡೆಯುವುದು ಹೆಂಡತಿಯ ತಮ್ಮನದು. ಆ ಭಾವಮೈದುನನಿಗೂ ತಿಳಿಯದ ಸಂಗತಿಯೊಂದಿತ್ತು. ಥಿನ್ನರಿನಲ್ಲಿ ನೆಂದು, ಉಜ್ಜುಕಾಗದದಲ್ಲಿ ಸವೆದು, ಮೇಸ್ತ್ರಿಯ ಅಂಗೈ ಎಂದೋ ಚಪ್ಪಲಿಯ ಅಟ್ಟೆಯಂತಾಗಿತ್ತು. ಅದಕ್ಕೆ ಏರೂ ತಿಳಿಯುತ್ತಿರಲಿಲ್ಲ, ತಗ್ಗೂ ತಿಳಿಯುತ್ತಿರಲಿಲ್ಲ.

ಹಿಂದೊಮ್ಮೆ ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ, ಅವನು ಕೈ ತೊಳೆದು ಬರುವವರೆಗೆ ಸುಮ್ಮನೆ ನಿಲ್ಲಲಾರದೆ, ಡಬ್ಬಿಗೆ ಸುತ್ತಿದ್ದ ಬಟ್ಟೆಯಿಂದ ಒಂದು ಬಾನೆಟ್ಟಿನ ಧೂಳು ಒರೆಸುತ್ತಿದ್ದಳು.

“ರೀ, ಇಲ್ಲೊಂದು ಬಟ್ಟಲಿದೆ” ಎಂದಳು.

“ಬಟ್ಟಲು ನಿನ್ನ ಅಡುಗೆಮನೇಲಿರುತ್ತೆ, ನನ್ನ ಬಾನೆಟ್ಟಲ್ಲಲ್ಲ” ಎಂದು ಅವನು ನಕ್ಕ. ಉಕ್ಕಿನ ಪಟ್ಟಿ ಇಟ್ಟು ನೋಡಿದರೆ, ಅವಳು ಹೇಳಿದಲ್ಲೇ ಪಟ್ಟಿಯ ಅಡಿಯಿಂದ ಕೂದಲೆಳೆಯಷ್ಟು ಬೆಳಕು ನುಸುಳಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ಭಾವಮೈದುನ ಊಟಕ್ಕೆ ಮನೆಗೆ ಹೋದ ಹೊತ್ತಿಗೆ ಅವಳು ಬರುವಳು. ಉಜ್ಜಿಟ್ಟ ತಗಡಿನ ಮೇಲೆ ತೆಳುಬಟ್ಟೆ ಹಾಸಿ, ಬೆರಳುಗಳನ್ನು ನೀಡಿ, ಮುಖವನ್ನು ಬೀದಿಯ ಕಡೆಗೆ ತಿರುಗಿಸಿ ಅಂಗೈಯನ್ನು ಮೆಲ್ಲಗೆ ಎಳೆಯುವಳು. “ಕಣ್ಣು ನೋಡಿದ್ರೆ ಕೈ ಸೋಮಾರಿಯಾಗುತ್ತೆ” ಎನ್ನುವಳು. ಅವಳು ಬಟ್ಟಲು ಎಂದಲ್ಲಿ ಮೇಸ್ತ್ರಿ ಪುಟ್ಟಿ ಹಚ್ಚುವನು, ಗುಡ್ಡ ಎಂದಲ್ಲಿ ಉಜ್ಜುವನು. ಭಾವಮೈದುನ ಬರುವಷ್ಟರಲ್ಲಿ ಅವಳು ಖಾಲಿ ಡಬ್ಬಿ ಹಿಡಿದು ಹೊರಟಿರುವಳು. ಹೇಳಬೇಡವೆಂದು ಅವನು ಹೇಳಿರಲಿಲ್ಲ. ಹೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಅಷ್ಟೆ.

ಅವಳು ಹೋದ ಮೇಲೆ ನೆಂಟರು ಕೂಡಿದ ದಿನ ಯಾರೋ ಅವಳ ಮಾತೆತ್ತಿದರು. ಆಗ ಮೇಸ್ತ್ರಿ ನಿಟ್ಟುಸಿರು ಬಿಟ್ಟು, “ಪಾಪ, ಅಡುಗೆಮನೆ ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ ಅವಳಿಗೆ” ಎಂದಿದ್ದ. ಅದು ಹೊಗಳಿಕೆ ಎಂದೇ ತಿಳಿದು ಎಲ್ಲರೂ ಹೂಂಗುಟ್ಟಿದ್ದರು.

ಈಗ ಕರಿಗಾಡಿಯ ಬಾಗಿಲು ಎದುರಿಗಿತ್ತು. ಒಳಗಿನಿಂದ ತಟ್ಟಿ ತಗಡನ್ನು ಮೇಲೆತ್ತಿದ. ಹಳೆಯ ಬಣ್ಣ ಕೆರೆದ. ಪುಟ್ಟಿ ಗಟ್ಟಿಯಾಗಲು ಹಾರ್ಡನರ್ ಬೆರೆಸಿ, ಗಾಳಿಗುಳ್ಳೆ ಸೇರದಂತೆ ಒತ್ತಿ ಒತ್ತಿ ಕಲಸಿ, ತೆಳುವಾಗಿ ಹಚ್ಚಿದ. ಕಾಗದ ಸುತ್ತಿದ ಮರದ ತುಂಡಿನಿಂದ ಅಡ್ಡಡ್ಡ ಉಜ್ಜಿದ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಬಟ್ಟೆ ಹಾಸಿ ಅಂಗೈ ಎಳೆದ. ಏನೂ ತಿಳಿಯಲಿಲ್ಲ. ಅವಳಂತೆ ಮುಖ ತಿರುಗಿಸಿ ಎಳೆದ. ಬೀದಿಯಲ್ಲಿ ಒಂದು ಸೈಕಲ್ಲು ಹೋದದ್ದು ಕಂಡಿತೇ ಹೊರತು ಕೈ ಬಾಯಿಬಿಡಲಿಲ್ಲ. ಕೊನೆಗೆ ಮರದ ತುಂಡನ್ನು ಬದಿಗಿಟ್ಟು, ಕಾಗದವನ್ನು ಬೆರಳಲ್ಲೇ ಹಿಡಿದು ಉಜ್ಜತೊಡಗಿದ. ನಡುವೆ ಮರವಿಲ್ಲದಿದ್ದರೆ ಬೆರಳಿಗಾದರೂ ಏನಾದರೂ ತಿಳಿದೀತು ಎಂಬ ಆಸೆ. ಈ ಕಸುಬಿನಲ್ಲಿ ಮೊದಲ ದಿನ ಹೇಳಿಕೊಡುವ ಪಾಠವೇ ಬೆರಳಲ್ಲಿ ಉಜ್ಜಬೇಡ, ಸಾಲು ಬೀಳುತ್ತೆ ಎಂಬುದು.

ಭಾವಮೈದುನ ಬಂದು ನೋಡಿದ. “ಭಾವ, ಒಂಚೂರು ಕರಿಪುಡಿ ಎರಚಿ, ಇನ್ನೊಂದು ಸಲ ಉಜ್ಜಿ ನೋಡೋಣ್ವಾ? ತಗ್ಗಿದ್ದಲ್ಲಿ ಪುಡಿ ಹಂಗೇ ಉಳ್ಕೊಳ್ಳುತ್ತೆ, ಗೊತ್ತಾಗುತ್ತೆ.”

“ಅದು ಕೈ ಇಲ್ದೋರು ಮಾಡೋ ಕೆಲಸ ಕಣೋ. ನೀನು ಬಣ್ಣ ಹೊಡಿ.”

ಅವನು ಹೊಡೆದ. ಕರಿಬಣ್ಣ ಒಣಗಿ ನೀರಿನಂತೆ ಹೊಳೆಯಿತು. ಡ್ರೈವರು ಬಂದ ಬೆಳಿಗ್ಗೆ ಗಾಡಿಯನ್ನು ಶೆಡ್ಡಿನಿಂದ ಬಿಸಿಲಿಗೆ ತಂದರು. ಬಿಸಿಲು ಅಡ್ಡವಾಗಿ ಬಿದ್ದದ್ದೇ ತಡ, ಕನ್ನಡಿಯಂತಿರಬೇಕಾದ ಬಾಗಿಲು ಗಾಳಿ ಬೀಸಿದ ಕೆರೆಯಂತಾಯಿತು. ಅದರಲ್ಲಿ ಮೂವರ ಮುಖಗಳೂ ಸೊಟ್ಟಗೆ ಕಂಡವು.

ಡ್ರೈವರು ಹಿಂದೆ ಸರಿದು ನೋಡಿದ, ಬಗ್ಗಿ ನೋಡಿದ. “ಅಳ್ತಾ ಬರೋರ ಮುಖಾನ ಹಿಂಗೆ ಆಡಿಕೊಳ್ಳಬಾರದಪ್ಪಾ” ಎಂದ. ಆಮೇಲೆ ಭಾವಮೈದುನನ ಕಡೆ ತಿರುಗಿ, “ಏನಯ್ಯಾ, ಬಣ್ಣ ಹೊಡೆದ್ಯೋ ಸಾರಿಸಿದ್ಯೋ? ಮೇಸ್ತ್ರಿ ಕೈಕೆಲಸಾನೆಲ್ಲ ಹಾಳು ಮಾಡಿಟ್ಟಿದ್ದೀಯಲ್ಲ! ಅಕ್ಕ ಹೋದ ದುಃಖ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೂ ಹಿಂಗಾ? ಇನ್ಮೇಲೆ ಪುಟ್ಟಿಗಷ್ಟೇ ಇಲ್ಲಿಗೆ ತರ್ತೀನಿ. ಬಣ್ಣಕ್ಕೆ ಬೇರೆಯವರನ್ನ ನೋಡ್ಕೋತೀನಿ” ಎಂದ.

ಭಾವಮೈದುನ ಭಾವನ ಮುಖ ನೋಡಿದ. ತಪ್ಪು ಎಲ್ಲಿಯದೆಂದು ಅವನಿಗೆ ತಿಳಿಯದೆ ಇರಲಿಲ್ಲ. ಆದರೂ, “ಬಣ್ಣದ ಗನ್ನು ಸರಿಯಾಗಿ ತೊಳೆದಿರಲಿಲ್ಲ ಅನ್ಸುತ್ತೆ” ಎಂದ, ಮೆಲ್ಲಗೆ.

ಮೇಸ್ತ್ರಿ ಸುಮ್ಮನಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಹೆಸರು ಉಳಿಯುತ್ತಿತ್ತು. ಸುಮ್ಮನಿರುವುದು ಅವನಿಗೆ ರೂಢಿಯೂ ಆಗಿತ್ತು. ತನ್ನ ಹೆಸರಿಗಾಗಿ ಮರೆಯಾಗುವುದರಲ್ಲಿ ಅಕ್ಕನ ಸರದಿ ಮುಗಿದು ತಮ್ಮನ ಸರದಿ ಬಂದಿದೆ ಎಂದು ಮೇಸ್ತ್ರಿಗೆ ಅನಿಸಿತು. ಕೈಗಳನ್ನು ಎಲ್ಲಿಡುವುದೋ ತಿಳಿಯದೆ ಅಂಗಿಯ ಅಂಚಿಗೆ ಒರೆಸಿಕೊಂಡ.

“ಬಣ್ಣ ಸರಿಯಾಗೇ ಇದೆ” ಎಂದ. “ಕೆಟ್ಟಿರೋದು ಅಡಿಯ ಪುಟ್ಟಿ. ನನ್ನ ಕೈಗೆ ಏನೂ ತಿಳಿಯಲ್ಲ. ತಿಳಿಯದೆ ಬಹಳ ಕಾಲ ಆಯ್ತು.”

“ಏನ್ ಮೇಸ್ತ್ರಿ, ತಮಾಷೆನಾ? ಊರೇ ಹೇಳುತ್ತೆ ನಿಮ್ಮ ಕೈನ...”

“ಅದು ಅವಳ ಕೈ. ಊಟ ತರ್ತಿದ್ದಳಲ್ಲ, ಆಗ ಮುಟ್ಟಿ ಹೇಳ್ತಿದ್ದಳು. ನಾನು ಉಜ್ಜುತ್ತಿದ್ದೆ.”

ಡ್ರೈವರು ಶೆಡ್ಡಿನ ಸೂರನ್ನು ನೋಡತೊಡಗಿದ. ಭಾವಮೈದುನ ಮಾತ್ರ ಕಣ್ಣು ಕೀಳಲಿಲ್ಲ.

“ನೆಂಟರ ಮುಂದೆ ಅಕ್ಕನ ಬಗ್ಗೆ ಏನಂದ್ರಿ, ನೆನಪಿದೆಯಾ ಭಾವ?”

“ಇದೆ.”

“ನಾನೂ ಹೂಂ ಅಂದೆ. ನಮ್ಮಕ್ಕನಿಗೆ ನಾನೇ ಹೂಂ ಅಂದುಬಿಟ್ಟೆ!”

ಮೇಸ್ತ್ರಿ ಒಳಗೆ ಹೋಗಿ ಉದ್ದನೆಯ ಮರದ ತುಂಡಿಗೆ ಕಾಗದ ಸುತ್ತಿ ತಂದು, ಡ್ರೈವರಿನ ಎದುರಿಗೇ ಆ ಹೊಸ ಹೊಳಪಿನ ಮೇಲೆ ಉಜ್ಜತೊಡಗಿದ. ಏರಿದ್ದಲ್ಲಿ ಕಪ್ಪು ಹೋಗಿ ಪುಟ್ಟಿ ಕಾಣಿಸಿತು. ತಗ್ಗಿನಲ್ಲಿ ಕಪ್ಪು ಉಳಿಯಿತು. ಬೆರಳುಗಳನ್ನು ಎಳೆದಂತೆ ಸಾಲುಸಾಲು ಗೀರುಗಳು.

“ಬೆಕ್ಕು ಪರಚಿದ ಹಂಗಿದೆಯಲ್ಲ ಮೇಸ್ತ್ರಿ” ಎಂದ ಡ್ರೈವರು, ಮಾತಿಗೆ ಏನಾದರೊಂದು ಬೇಕೆಂದು.

“ಬೆಕ್ಕಲ್ಲಪ್ಪ. ನಾನೇ.”

ಮತ್ತೆ ಪುಟ್ಟಿ ಹಚ್ಚಿ, ಒಣಗಿಸಿ, ಉಜ್ಜಿದ ಮೇಲೆ ಅವನು ತಾನಾಗಿ ಕರಿಪುಡಿಯ ಡಬ್ಬಿ ಕೇಳಿದ. ಭಾವಮೈದುನ ತಂದುಕೊಟ್ಟ. ಪುಡಿ ಎರಚಿ ಉಜ್ಜಿ, ಕಪ್ಪು ಉಳಿದಲ್ಲಿ ತುಂಬಿ, ಮತ್ತೆ ಎರಚಿದರು. ಕೊನೆಗೆ ಒಂದು ಚುಕ್ಕಿಯೂ ಉಳಿಯದಾದಾಗ ಭಾವಮೈದುನ ಕೇಳಿದ:

“ಅಕ್ಕ ಹೆಂಗೆ ಮುಟ್ಟುತ್ತಿದ್ದಳು?”

ಮೇಸ್ತ್ರಿ ಬಟ್ಟೆ ಹಾಸಿ ತೋರಿಸಿಕೊಟ್ಟ. ಭಾವಮೈದುನ ಬೆರಳು ನೀಡಿ, ಮುಖವನ್ನು ಬೀದಿಗೆ ತಿರುಗಿಸಿ, ಅಂಗೈಯನ್ನು ಮೆಲ್ಲಗೆ ಎಳೆದ. ಬಹಳ ಹೊತ್ತು ಬೀದಿಯನ್ನೇ ನೋಡುತ್ತಿದ್ದ. “ಸರಿಯಾಗಿದೆ” ಎಂದು ಹೇಳಿ, ತೋಳಿನಿಂದ ಕಣ್ಣೊರೆಸಿಕೊಂಡು ಗನ್ನು ತೊಳೆಯಲು ಹೋದ.

ಗಾಡಿ ಎರಡನೆಯ ಸಲ ಬಿಸಿಲಿಗೆ ಬಂದಾಗ ಡ್ರೈವರು ಸುತ್ತ ಒಂದು ಸಲ ನಡೆದು, “ಈಗ ಸರಿ” ಎಂದಷ್ಟೇ ಹೇಳಿದ. ಕೈಯ ಮಾತೆತ್ತಲಿಲ್ಲ. ಮೇಸ್ತ್ರಿ ಬಾಗಿಲ ಬಳಿ ನಿಂತಿದ್ದ. ಅದರಲ್ಲಿ ಅವನ ಮುಖ ನೆಟ್ಟಗೆ, ಒಂದು ಸುಕ್ಕೂ ತಪ್ಪದೆ ಕಂಡಿತು. ಅದನ್ನು ನೋಡುತ್ತ ನಿಲ್ಲಲಾರದೆ, ಪುಟ್ಟಿಯ ಡಬ್ಬಿಯ ಮುಚ್ಚಳ ಎಲ್ಲಿ ಬಿತ್ತೋ ಎಂದು ಹುಡುಕುವವನಂತೆ ಅವನು ನೆಲಕ್ಕೆ ಬಗ್ಗಿದ.