ಆಕ್ಸಲ್‌ಗೆ ಬಳಿದ ಕಪ್ಪು

ನನ್ನ ಭಾವ ಕ್ಯಾಸಿಮಿರ್ ಮಿಷಿಗನ್‌ನ ಒಂದು ಕಾರ್ಖಾನೆಯಲ್ಲಿ ಕಾರುಗಳ ಹಿಂದಿನ ಆಕ್ಸಲ್‌ಗೆ, ಅಂದರೆ ಎರಡು ಗಾಲಿಗಳನ್ನು ಜೋಡಿಸುವ ಅಚ್ಚಿಗೆ, ಬಣ್ಣ ಹೊಡೆಯುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಬೇ ಸಿಟಿಯ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಅದೇ ಕೆಲಸ ಹಿಡಿದ. ದೊಡ್ಡ ಎಂಜಿನ್ನಿನ ಹಳೆಯ ಕಾರುಗಳ ಹುಚ್ಚಿದ್ದವರು ಓಹಾಯೊದಿಂದಲೂ ಆಕ್ಸಲ್ ಬಿಚ್ಚಿ ತರುತ್ತಿದ್ದರು. ಅವರಿಗೆ ಹೊಳಪು ಬೇಡ. ಅಂದು ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೇ ಬೇಕು: ನಡುವಿನ ಗಿಯರ್ ಬುರುಡೆ ಬಣ್ಣವಿಲ್ಲದ ಬರೀ ಎರಕದ ಕಬ್ಬಿಣ, ಎರಡೂ ಕಡೆಯ ಕೊಳವೆಗಳಿಗೆ ಮಂಕು ಕಪ್ಪು, ಅವಸರದಲ್ಲಿ ಹೊಡೆದ ಬಣ್ಣ ಇಳಿದ ಸೋರುಗೆರೆಗಳ ಸಮೇತ.

ಬಣ್ಣ ಗಟ್ಟಿಯಾಗಲೆಂದು ಬೆರೆಸುವ ದ್ರವದ ಹಬೆ ಅವನ ಶ್ವಾಸಕೋಶ ಕೆಡಿಸಿತು. ಇನ್ನೊಮ್ಮೆ ಅದು ಮೂಗಿಗೆ ಹೋದರೆ ಉಸಿರೇ ನಿಲ್ಲಬಹುದು ಎಂದರು ಡಾಕ್ಟರು. ಭಾವ ಶೆಡ್ಡಿಗೆ ಬೀಗ ಹಾಕಿದ. ಆದರೆ ಒಳಗೆ ಅವನದೇ ಹಸಿರು ಕಾರು ನಿಂತಿತ್ತು. ಎಲ್ಲ ಮುಗಿದು ಆಕ್ಸಲ್ ಒಂದೇ ಬಾಕಿ. ಅಡುಗೆಮನೆಯ ಕಿಟಕಿಯಿಂದ ಶೆಡ್ಡನ್ನೇ ನೋಡುತ್ತ, ಮುಂದಿಟ್ಟ ಎಲೆಕೋಸಿನ ಸಾರು ಆರಿಹೋದರೂ ಕೂತಿರುತ್ತಿದ್ದ.

"ಅಂಗಡಿ ಡಬ್ಬಿ ಸ್ಪ್ರೇ ಹೊಡೆದು ಮುಗ್ಸು ಭಾವ," ಅಂದೆ.

"ಅದನ್ನ ನಿನ್ನ ಸೈಕಲ್ಲಿಗೆ ಹೊಡ್ಕೊ ಹೋಗೊ."

ಒಂದು ದಿನ ಅಕ್ಕ ಬರ್ನಡೆಟ್ ಸೌಟು ಕೆಳಗಿಟ್ಟಳು. "ನಾನು ಹೊಡೀತೀನಿ. ಹೇಗೆ ಅಂತ ಹೇಳು. ನೀನು ಮಾತ್ರ ಈ ಕುರ್ಚಿ ಬಿಟ್ಟು ಏಳ್ಬಾರ್ದು."

ಅಕ್ಟೋಬರಿನ ಶನಿವಾರ ಅವಳು ಗಾಳಿಕೊಳವೆಯ ಮುಖವಾಡ ತೊಟ್ಟು ಶೆಡ್ಡಿಗೆ ಹೋದಳು. ವಿಡಿಯೊ ಕಾಲ್ ಹಚ್ಚಿ ಫೋನನ್ನು ಅಲ್ಲಿನ ಕಪಾಟಿನ ಮೇಲೆ ನಿಲ್ಲಿಸಿದ್ದಳು. ನಾನೂ ಭಾವನೂ ಅಡುಗೆಮನೆಯಲ್ಲಿ ಕೂತು ನೋಡಿದೆವು.

"ತುಂಬಾ ನೀಟಾಯ್ತು ಕಣೆ. ಕೆಡ್ಸು."

"ಏನಂದೆ?"

"ಶಿಫ್ಟ್ ಮುಗಿಯೋ ಹೊತ್ತು, ಫೋರ್‌ಮನ್ ಬೇರೆ ಬೈದಿದಾನೆ, ಮನೆಗೆ ಹೋಗ್ಬೇಕು. ಹಂಗೆ ಹೊಡಿ."

"ಇಷ್ಟು ವರ್ಷ ನಿನ್ನ ಕಟ್ಕೊಂಡು ಏಗಿದೀನಲ್ಲ, ಆ ಸಿಟ್ಟು ಸಾಕಾ?"

"ಅದ್ರಲ್ಲಿ ಅರ್ಧ ಸಾಕು ಮಾರಾಯ್ತಿ!"

ಅಕ್ಕ ಕೈ ಬೀಸಿದಳು. ಕಪ್ಪು ಕೊಳವೆಯ ಅಡಿಯಲ್ಲಿ ಜಿನುಗಿ, ಗೆರೆಗೆರೆಯಾಗಿ ಇಳಿಯಿತು. ಭಾವ ಮೇಜು ಕುಟ್ಟಿ ನಕ್ಕ, ಕೆಮ್ಮು ಬರುವವರೆಗೂ ನಕ್ಕ.

"ಹಬೆ ಎಲ್ಲ ಹೋಗ್ಲಿ, ನಾಳೆ ನೋಡುವಿಯಂತೆ," ಎಂದು ಹೇಳಿ ಅವಳು ಸ್ನಾನಕ್ಕೆ ಹೋದಳು. ನಾನು ಮನೆಗೆ ಹೊರಟೆ.

ಅಕ್ಕ ಒದ್ದೆ ತಲೆಯಲ್ಲಿ ಹೊರಬಂದಾಗ ಕುರ್ಚಿ ಖಾಲಿಯಿತ್ತಂತೆ. ಭಾವ ಶೆಡ್ಡಿನೊಳಗೆ ಆಕ್ಸಲ್ ಪಕ್ಕ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ, ಅಷ್ಟು ಸಾಕು ಅನ್ನುವ ಹಾಗೆ. ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಮಣ್ಣು ಮಾಡಿದ ಮಾರನೆಯ ವಾರ ಹಳೆ ಕಾರುಗಳ ಸಂಘದ ಮುಖ್ಯಸ್ಥ ವರ್ಲಿನ್ ಬಂದ. ಶೆಡ್ಡಿನಲ್ಲಿ ಮಂಡಿಯೂರಿ ಆಕ್ಸಲ್ ಮೇಲೆ ಟಾರ್ಚ್ ಬಿಟ್ಟು ನೋಡಿ ಕಣ್ಣೊರೆಸಿಕೊಂಡ.

"ಸಾಕ್ಷಾತ್ ಕಾರ್ಖಾನೆದೇ ಅನ್ಸುತ್ತೆ. ಇಂಥ ಸೋರುಗೆರೆ ಕ್ಯಾಸಿಮಿರ್ ಬಿಟ್ರೆ ಇನ್ಯಾರಿಗೂ ಬರಲ್ಲ. ಅವನ ಹೆಸರಲ್ಲಿ ಪ್ರದರ್ಶನಕ್ಕೆ ಇಡೋಣ ಬರ್ನಿ, ಬಹುಮಾನ ಗ್ಯಾರಂಟಿ."

ಅಕ್ಕ ಅವನನ್ನು ತಿದ್ದಲಿಲ್ಲ. "ಕಾಫಿ ಕುಡಿದು ಹೋಗಿ," ಅಂದಳಷ್ಟೆ.

ಆಮೇಲೆ ನನ್ನ ಕೈಲಿ ಆಕ್ಸಲ್ ಕೂರಿಸಿ, ಟೈರು ಹಾಕಿಸಿದಳು. ಹಿಮ ಬಿದ್ದ ಮೇಲೂ ಆ ಕಾರಿನಲ್ಲೇ ಕೆಲಸಕ್ಕೆ ಹೋಗತೊಡಗಿದಳು. ನಮ್ಮ ರಸ್ತೆಗಳಿಗೆ ಹಿಮ ಕರಗಲೆಂದು ಚಳಿಗಾಲವಿಡೀ ಉಪ್ಪು ಸುರಿಯುತ್ತಾರೆ.

"ತುಕ್ಕು ತಿಂದ್‌ಹಾಕುತ್ತೆ ಅಕ್ಕ."

"ತಿನ್ಲಿ."

ಕಾರು ಹಾಳುಮಾಡಬೇಡ ಎಂದು ವರ್ಲಿನ್ ಫೋನ್ ಮಾಡಿ ಗೋಗರೆದ. ಅವಳು ಎತ್ತುವುದನ್ನೇ ಬಿಟ್ಟಳು.

ಮಾರ್ಚಿನಲ್ಲಿ ಆಯಿಲ್ ಬದಲಿಸಲು ಕಾರಿನಡಿ ನುಸುಳಿದೆ. ಕೊಳವೆಗಳ ಕಪ್ಪು ಗುಳ್ಳೆಯೆದ್ದು ಸಿಪ್ಪೆಸಿಪ್ಪೆಯಾಗಿ ಉದುರುತ್ತಿತ್ತು. ಅಕ್ಕನ ಬೂಟುಗಳು ಪಕ್ಕದಲ್ಲಿ ಬಂದು ನಿಂತವು.

"ಹೋಯ್ತಾ?"

"ಹೋಗ್ತಾ ಇದೆ. ಎಡಗಡೆ ಇನ್ನೂ ಸ್ವಲ್ಪ ಉಳ್ದಿದೆ."

ಒಂದು ಬೂಟು ಉದುರಿದ ಕಪ್ಪು ಸಿಪ್ಪೆಯೊಂದನ್ನು ತುಳಿದು ಪುಡಿಮಾಡಿತು.

"ಬೇಗ ಮುಗ್ಸು," ಅಂದಳು. "ಕೆಲಸಕ್ಕೆ ಲೇಟಾಗುತ್ತೆ."