ತಾಟು ತಿರುಗಿಸುವ ಹುಡುಗಿ

ಶಿವಕಾಂತಾ ಊಟದ ನಡುವೆ ತನ್ನ ತಾಟನ್ನು ಅರ್ಧ ಸುತ್ತು ತಿರುಗಿಸುತ್ತಾಳೆ. ಬಲಕ್ಕಿದ್ದ ಪಲ್ಯ ಎಡಕ್ಕೆ ಹೋಗುತ್ತದೆ, ಎಡಕ್ಕಿದ್ದ ಶೇಂಗಾ ಹಿಂಡಿ ಬಲಕ್ಕೆ ಬರುತ್ತದೆ. ಆಮೇಲೆ, ಏನೂ ಆಗಿಲ್ಲವೆಂಬ ಗಾಂಭೀರ್ಯದಿಂದ, ಉಳಿದರ್ಧ ಊಟ ಸಾಗುತ್ತದೆ. ತನ್ನ ತಾಟನ್ನಷ್ಟೇ ತಿರುಗಿಸಿದ್ದರೆ ಅದನ್ನು ಖಾಸಗಿ ವಿಲಕ್ಷಣತೆಯೆಂದು ಬಿಟ್ಟುಬಿಡಬಹುದಿತ್ತು. ಆದರೆ ಅವಳ ಕೈ ಪರೋಪಕಾರಿ. ನಮ್ಮ ಸೊಸೈಟಿಯ ಗಣಪತಿ ಹಬ್ಬದ ಪಂಕ್ತಿಯಲ್ಲಿ ಒಮ್ಮೆ ಪಕ್ಕದವರ ತಾಟನ್ನು ತಿರುಗಿಸಿದಳು. ಅವರು ಇದು ಯಾವುದೋ ಶಾಸ್ತ್ರವಿರಬೇಕೆಂದು ತಮ್ಮ ಪಕ್ಕದವರದನ್ನು ತಿರುಗಿಸಿದರು. ಆ ಅಲೆ ಧನಕವಡಿಯಿಂದ ಹೊರಟು, ಕಾತ್ರಜ ಘಾಟು ಹತ್ತಿಳಿದು, ಸಾತಾರೆಯ ತನಕ ಹೋಯಿತೆಂದು ನಾನು ಹೇಳಿದರೆ ಜನ ನಂಬುವುದಿಲ್ಲ. ನಂಬಬೇಡಿ. ಕಾತ್ರಜದ ತನಕವಂತೂ ಹೋಗಿತ್ತು.

ಮೈಮೇಲೆ ಹನ್ನೆರಡು ತಿಂಗಳೂ ಒಂದು ಹಳದಿ ರೇನ್‌ಕೋಟು. ಉರಿಯುವ ಏಪ್ರಿಲಿನಲ್ಲಿ ಅವಳು ಅದನ್ನು ತೊಟ್ಟು ಗೇಟು ದಾಟಿದರೆ, ಓಣಿಯ ಹೆಂಗಸರು ಮುಗಿಲನ್ನೂ ನೋಡದೆ ಒಣಹಾಕಿದ ಹಪ್ಪಳಗಳನ್ನು ಒಳಗೆ ತೆಗೆಯುತ್ತಿದ್ದರು. ಇನ್ನು ನಡಿಗೆ. ಯಾರ ಜೊತೆ ನಡೆದರೂ ಅವರ ಎಡಗಡೆಗೇ ನಡೆಯಬೇಕು. ಎಡಕ್ಕೆ ಗಟಾರವಿದ್ದರೆ ಗಟಾರದಲ್ಲಿಳಿದಾಳೇ ಹೊರತು ಬಲಕ್ಕೆ ಬಾರಳು. ಮಾತಿನಲ್ಲೂ ಒಂದು ಚಟವಿತ್ತು. ನಾನು ತರಕಾರಿಯ ಸಕ್ಕುಬಾಯಿಯನ್ನು ಮನಸಾರೆ ಬೈದು, ಬೈಗುಳದ ಶಿಖರದಲ್ಲಿ ನಿಂತು ಉಸಿರೆಳೆದುಕೊಳ್ಳುವ ಹೊತ್ತಿಗೆ, ಅತ್ಯಂತ ವಿನಯದಿಂದ ಕೇಳುತ್ತಿದ್ದಳು: “ಆ ಕಡಿ ಹ್ಯಾಂಗದ ಮುತ್ಯಾ? ಸಕ್ಕುಬಾಯಿ ಕಡಿಂದ?” ಅಲ್ಲಿಗೆ ಬೈಗುಳದ ರುಚಿಯೇ ಕೆಟ್ಟುಹೋಗುತ್ತಿತ್ತು. ಮುತ್ಯಾ ಎಂದರೆ ನಾನೇ. ಮೊದಲ ಮಹಡಿಯ ಮುದುಕ, ಅವಳಿಗೆ ರಕ್ತಸಂಬಂಧದಿಂದ ಏನೂ ಅಲ್ಲ, ಈ ಮರಾಠಿ ಊರಿನಲ್ಲಿ ಕನ್ನಡದ ಸಂಬಂಧದಿಂದ ಅಜ್ಜ.

ರೇನ್‌ಕೋಟೊಂದನ್ನು ಬಿಟ್ಟರೆ ಈ ಎಲ್ಲ ವಿಚಿತ್ರಗಳ ಮೂಲ ಅವಳಪ್ಪನ ತಲೆಯಲ್ಲಿದೆ. ಧರ್ಮರಾಜ ಯಾದಗಿರಿ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆಂದು ಬಂದವನು. ಅವನು ಹಲಗೆ ಜೋಡಿಸದಿದ್ದರೆ ಹಿಂಜವಾಡಿಯೆಂಬ ಗಗನಚುಂಬಿ ಕಟ್ಟಡಗಳ ಊರು ಇಂದಿಗೂ ನೆಲದ ಮೇಲೇ ಮಲಗಿರುತ್ತಿತ್ತೆಂದು ನನ್ನ ದೃಢವಾದ ನಂಬಿಕೆ. ಮಗಳು ಏಳನೆಯ ಇಯತ್ತೆಯಲ್ಲಿದ್ದಾಗ ಅಂಥದೇ ಒಂದು ಹಲಗೆಯ ಮೇಲಿಂದ ಬಿದ್ದ. ಜೀವ ಉಳಿಯಿತು, ಮಾತು ಉಳಿಯಿತು, ಕಣ್ಣಿಗೂ ಏನೂ ಆಗಲಿಲ್ಲ. ಆದರೆ ಮಿದುಳಿನ ಬಲಪಾರ್ಶ್ವಕ್ಕೆ ಬಿದ್ದ ಪೆಟ್ಟಿನಿಂದ ಎಡಗಡೆ ಎಂಬ ದಿಕ್ಕೇ ಅವನ ಲೋಕದಿಂದ ಅಳಿಸಿಹೋಯಿತು. ಎಡಕ್ಕೆ ನಿಂತವರು ಅವನ ಪಾಲಿಗೆ ಹುಟ್ಟಿಯೇ ಇರಲಿಲ್ಲ. ಗಡ್ಡ ಬಲಗಡೆಯದಷ್ಟೇ ಬೋಳಿಸಿಕೊಳ್ಳುತ್ತಿದ್ದ, ತಾಟಿನಲ್ಲಿ ಬಲಗಡೆಯ ಅರ್ಧ ರೊಟ್ಟಿ ತಿಂದು, ಹೆಂಡತಿ ಅವ್ವಮ್ಮನ ಮೇಲೆ ಹರಿಹಾಯುತ್ತಿದ್ದ: “ಅರ್ಧ ರೊಟ್ಟಿ ಹಾಕ್ತಿಯಲ್ಲ, ನಾ ಏನ್ ತಪ್ಪು ಮಾಡೀನಿ?” ಉಳಿದರ್ಧ ರೊಟ್ಟಿ ಅವನೆದುರೇ ಇರುತ್ತಿತ್ತು. ಆ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಒಂದು ದಿನ ಹುಡುಗಿ ಎದ್ದು ಬಂದು, ತಾಟನ್ನು ಅರ್ಧ ಸುತ್ತು ತಿರುಗಿಸಿ, “ಅಪ್ಪಾ, ಇನ್ನರ್ಧ ಬಂತು ನೋಡು” ಎಂದಳು. ಅಂದಿನಿಂದ ಅವನ ಪ್ರತಿ ಊಟಕ್ಕೂ ಅವಳ ಕೈ ಬೇಕಾಯಿತು, ದಾರಿಯಲ್ಲಿ ಅವನಿಗಿಲ್ಲದ ಎಡಗಡೆಗೆ ಅವಳ ಕಾವಲು ಬೇಕಾಯಿತು.

ಮುಂದೆ ಅವನಿಗೆ ನಮ್ಮ ಸೊಸೈಟಿಯಲ್ಲಿ ಕಾವಲಿನ ಕೆಲಸ ಸಿಕ್ಕಿತು. ವಾಸಕ್ಕೆ ಪಾರ್ಕಿಂಗಿನ ಪಕ್ಕದ ಕೋಣೆ. ಅರ್ಧ ಲೋಕ ಕಾಣುವವನನ್ನು ಕಾವಲಿಗಿಟ್ಟ ಏಕೈಕ ಸೊಸೈಟಿ ಭೂಮಂಡಲದಲ್ಲಿ ನಮ್ಮದೇ ಇರಬೇಕು. ಗೇಟು ಬಲಕ್ಕೆ ಬೀಳುವ ಹಾಗೆ ಕುರ್ಚಿ ಹಾಕಿಕೊಟ್ಟವಳೂ ಮಗಳೇ; ಇಷ್ಟು ವರ್ಷಗಳಲ್ಲಿ ಒಂದು ಕಳ್ಳತನವಾಗಿಲ್ಲ. ಎಡಗಡೆ ಗೋಡೆಯಿದೆ, ಅದೂ ಒಂದು ಕಾರಣ.

ಹೀಗೆ ಬೆಳೆದವಳು ಮಿದುಳಿನ ಶಾಸ್ತ್ರ ಓದಲು ಹೊರಟದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅಪ್ಪನ ತಲೆಯನ್ನು ರಿಪೇರಿ ಮಾಡಲು ಹೊರಟಿದ್ದಾಳೆಂದು ಇಡೀ ಓಣಿಯೇ ತಿಳಿದುಕೊಂಡಿತು. ಆದರೆ ಎಮ್ಮೆಸ್ಸಿಯಲ್ಲಿ ಅವಳನ್ನು ಲೋಣಾವಳಾ ಕಡೆಯ ಗವಿಗಳಿಗೆ ಬಾವಲಿ ನೋಡಲು ಕಳಿಸಿದರು. ಅಲ್ಲಿ ಸಂಗತಿ ಕೈಮೀರಿತು. ಸಂಜೆ ಬಂದು ನನ್ನ ಮೇಜಿನ ಮೇಲೆ ಚಿಕ್ಕಿಯ ಪೊಟ್ಟಣವಿಟ್ಟು, ಬಾವಲಿ ಹಿಕ್ಕೆಯ ಘಮಲು ಹೊತ್ತ ರೇನ್‌ಕೋಟನ್ನು ನನ್ನ ಕುರ್ಚಿಗೇ ತೂಗುಹಾಕಿ, ನಿಂತಲ್ಲೇ ಶುರು: “ಕತ್ತಲಾಗ ಅದು ಕೂಗು ಬಿಡ್ತದ, ಆ ಕೂಗು ಗೋಡಿ ಮುಟ್ಟಿ ತಿರುಗಿ ಬರ್ತದ ಮುತ್ಯಾ! ಇಡೀ ಗವಿ ಅದರ ತಲಿಯೊಳಗ ಬರದಂಗ ಇರ್ತದ!” ಆ ಹೊತ್ತಿನಲ್ಲಿ ಮಾತ್ರ ಅವಳಿಗೆ ಆ ಕಡಿಯೂ ಇಲ್ಲ, ಈ ಕಡಿಯೂ ಇಲ್ಲ, ಬಾವಲಿಯೊಂದೇ ದಿಕ್ಕು. ನನಗೆ ಆ ಪ್ರಾಣಿಯ ಮೇಲೆ ಪ್ರೀತಿಯೇನಿಲ್ಲ, ಆದರೂ ಅವಳ ಮಾತು ಕೇಳಿದ ರಾತ್ರಿಗಳಲ್ಲಿ ತಲೆಕೆಳಗಾಗಿ ಮಲಗಬೇಕೆನಿಸುತ್ತಿತ್ತು.

ಈ ವರ್ಷ ಹೋಳಿ ಕಳೆದ ಮೇಲೆ ಎರಡು ಕಡೆಯಿಂದ ಪಿಎಚ್‌ಡಿಗೆ ಕರೆ ಬಂತು. ಬೆಂಗಳೂರಿನ ಸಂಸ್ಥೆಯದು ಧರ್ಮರಾಜನಂಥವರ ಮಿದುಳಿನ ಅಧ್ಯಯನ: ಕಳೆದುಹೋದ ಅರ್ಧ ಲೋಕ ಎಲ್ಲಿ ಹೋಗುತ್ತದೆ, ತಿರುಗಿ ಬರುತ್ತದೆಯೇ ಎಂಬುದು. ಇನ್ನೊಂದು ಜರ್ಮನಿಯ ಒಂದು ಚಳಿಯೂರಿನದು: ಬಾವಲಿ. ತೀರ್ಪು ಕೊಡಲು ಧನಕವಡಿಗೆ ಅರ್ಧ ಗಳಿಗೆಯೂ ಹಿಡಿಯಲಿಲ್ಲ. ಅವ್ವಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: “ಹಡದಪ್ಪನ ಬಿಟ್ಟು ಬಾವಲಿ ಹಿಂದ ಹೋಗೋರು ಯಾರರೆ ಇರ್ತಾರೇನ್ರಿ ಕಾಕಾ?” ನಾನೂ ಬೆಂಗಳೂರನ್ನೇ ಎತ್ತಿಹಿಡಿದೆ, ಅಲ್ಲಿ ಊಟವಾದರೂ ಗುರುತಿನದು. ಶಿವಕಾಂತಾ ಎಲ್ಲರಿಗೂ “ಹೌದ್ರಿ, ಹೌದ್ರಿ” ಎಂದಳು.

ಆ “ಹೌದ್ರಿ” ನನ್ನ ಕಿವಿಗೆ ಸರಿಬೀಳಲಿಲ್ಲ. ಆ ಕಡಿ ಹ್ಯಾಂಗದ ಎಂದು ಅವಳು ಯಾರನ್ನೂ ಕೇಳಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ಉಂಡಳು. ಬಲಗಡೆಯದನ್ನು ತಿಂದು, ತಾಟು ತಿರುಗಿಸದೆ, ಕೈ ತೊಳೆಯಲು ಎದ್ದಳು.

“ಯಾಕವಾ, ಆ ಕಡಿ ಮುಟ್ಟಲೇ ಇಲ್ಲ?” ಎಂದೆ.

“ಮಂದಿ ಏನರೆ ಅನ್ಲಿ ಮುತ್ಯಾ. ಬಾವಲಿ ಓದ್ತೀನಂದ್ರ ಅಪ್ಪಗ ಏನ್ ಅನಸ್ತದ? ತನ್ನ ರೋಗ ಮಗಳಿಗೂ ಬ್ಯಾಡಾತು ಅಂತ ಅನಸಂಗಿಲ್ಲೇನು?”

ಆ ಪ್ರಶ್ನೆಯನ್ನು ಅಪ್ಪನನ್ನೇ ಕೇಳುವ ಧೈರ್ಯ ಅವಳಿಗಿರಲಿಲ್ಲ. ಹೀಗಾಗಿ ಅವ್ವಮ್ಮ ದೇವರನ್ನು ಕೇಳಲು ಹೊರಟಳು.

ಹೂ ಕೇಳುವ ಪದ್ಧತಿ ಅವರ ಮನೆತನದ್ದು. ಜಗಲಿಯ ಮೇಲಿನ ಹಿತ್ತಾಳೆಯ ಮಲ್ಲಯ್ಯನ ಎರಡೂ ಭುಜಗಳಿಗೆ ಒದ್ದೆ ಸೇವಂತಿಗೆಯ ಎಸಳು ಅಂಟಿಸಿ, ಕೈಮುಗಿದು ಕಾಯುವುದು. ಯಾವ ಭುಜದ್ದು ಮೊದಲು ಬೀಳುತ್ತದೋ ಅದೇ ಅಪ್ಪಣೆ. ರವಿವಾರ ಮಧ್ಯಾಹ್ನ ನನ್ನನ್ನು ಹಿರಿಯನೆಂದು ಕರೆಸಿ ಕೂರಿಸಿದರು. “ಬೆಂಗಳೂರು ಆಗಬೇಕಂದ್ರ ನಿನ್ನ ಬಲಗಡಿ ಕೊಡಪಾ ನಮ್ಮಪ್ಪ, ಬಾವಲಿ ಆಗಬೇಕಂದ್ರ ಎಡಗಡಿ ಕೊಡು” ಎಂದು ಅವ್ವಮ್ಮ ಬೇಡಿಕೊಂಡಳು. ಊದುಬತ್ತಿ ಅರ್ಧ ಸುಟ್ಟಿತು. ಮಲ್ಲಯ್ಯನ ಬಲಭುಜದ ಎಸಳು ಕಳಚಿ ಬಿತ್ತು.

“ಕೊಟ್ಟ! ಬಲಗಡಿ ಕೊಟ್ಟ!” ಎಂದು ಅವ್ವಮ್ಮ ಅಡ್ಡಬಿದ್ದಳು.

“ಎಲ್ಲಿ ಬಿತ್ತು?” ಎಂದ ಧರ್ಮರಾಜ. “ಬಿದ್ದಿಲ್ಲ.”

ದೇವರು ನಮಗೆ ಎದುರಾಗಿ ಕೂತವನು. ಅವನ ಬಲವೆಂದರೆ ನಮ್ಮ ಎಡ. ಧರ್ಮರಾಜನಿಗೆ ಕಾಣುತ್ತಿದ್ದದ್ದು ಇನ್ನೂ ಅಂಟಿಕೊಂಡೇ ಇದ್ದ ಇನ್ನೊಂದು ಎಸಳು ಮಾತ್ರ. ಶಿವಕಾಂತಾ ರೂಢಿಯಂತೆ ಎದ್ದು, ಅಪ್ಪನನ್ನು ಆ ಕಡೆ ತಿರುಗಿಸಲು ಅವನು ಕೂತ ಸ್ಟೂಲಿಗೆ ಕೈಹಾಕಿದಳು.

“ಇರ್ಲಿ, ತಿರುಗಿಸಬ್ಯಾಡ,” ಎಂದ ಅವನು. “ಬಿದ್ದದ್ದು ನಿಮ್ಮವ್ವನ ದನಿ ಕೇಳಿದ್ರ ಗೊತ್ತಾಗ್ತದ. ಊಟಕ್ಕ ಹಾಕ್ರಿ.”

ಊಟಕ್ಕೆ ಕೂತೆವು. ನಡೆಯುವಾಗ ಅಪ್ಪನ ಎಡಕ್ಕಿರುವ ಮಗಳು ಉಣ್ಣುವಾಗ ಅವನ ಬಲಕ್ಕೆ ಕೂರುತ್ತಾಳೆ, ಅವನಿಗೆ ಕಾಣಲಿ ಎಂದು. ತಲೆ ತಗ್ಗಿಸಿ ಅರ್ಧ ರೊಟ್ಟಿ ಮುಗಿಸಿದಳು, ಕೈ ನಿಂತಿತು. ಆಗ ಧರ್ಮರಾಜ ಬಲಗೈ ಚಾಚಿ ಮಗಳ ತಾಟನ್ನು ಹಿಡಿದು, ಮೆಲ್ಲಗೆ, ತುಂಬಿದ ಕೊಡ ಸರಿಸುವವನ ಎಚ್ಚರದಿಂದ, ಅರ್ಧ ಸುತ್ತು ತಿರುಗಿಸಿದ.

“ಆ ಕಡಿ ಹ್ಯಾಂಗದ ನೋಡು,” ಎಂದ.

ಅಲ್ಲಿ ಪುಂಡಿಪಲ್ಯ ಮುಟ್ಟದೆ ಹಾಗೇ ಇತ್ತು. ಅವನೇ ಮುಂದುವರಿಸಿದ: “ನನ್ನ ತಲಿ ಸಣ್ಣಾಕಿ ಇದ್ದಾಗಿಂದ ನೋಡೀದಿ, ಸಾಕವಾ. ಬಾವಲಿ ಮಾತು ಬಂದ್ರ ನಿನ್ನ ಮಾರಿ ಎರಡೂ ಕಡಿ ನಗ್ತದ. ನನಗ ಒಂದೇ ಕಡಿ ಕಾಣ್ತದ. ಆದ್ರೂ ಗೊತ್ತಾಗ್ತದ.”

“ಮತ್ತ ದೇವರು ಬಲಗಡಿ ಕೊಟ್ಟಾನಲ್ರಿ?” ಅವ್ವಮ್ಮ ಜಗಲಿಯತ್ತ ಕೈತೋರಿಸಿದಳು.

“ಅವನನ್ನೂ ಒಂದಿಷ್ಟು ತಿರುಗಿಸಿಡು.”

ನನ್ನ ಬಾಯಿಯಲ್ಲಿದ್ದ ಮಜ್ಜಿಗೆ ಮೂಗಿನಿಂದ ಹೊರಟು ಗೇಟಿನ ತನಕ ಹಾರಿತು. ಅವ್ವಮ್ಮ ಗಲ್ಲ ಬಡಿದುಕೊಂಡು “ತಪ್ಪಾತು ತಂದಿ, ತಪ್ಪಾತು” ಎನ್ನುತ್ತಲೇ ನಗತೊಡಗಿದಳು. ಶಿವಕಾಂತಾ ನಗಲಿಲ್ಲ. ಪುಂಡಿಪಲ್ಯಕ್ಕೆ ಖಾರ ಹೆಚ್ಚಾಗಿತ್ತೋ ಏನೋ, ಮೂಗು ಒರೆಸಿಕೊಳ್ಳುತ್ತ, ಆ ಕಡೆಯದನ್ನೂ ಪೂರ್ತಿ ತಿಂದಳು. ಮಾರನೆಯ ದಿನ ಜರ್ಮನಿಗೆ ಬರುತ್ತೇನೆಂದು ತಿಳಿಸಿದಳು.

ಹಳದಿ ರೇನ್‌ಕೋಟಿನಲ್ಲೇ ವಿಮಾನ ಹತ್ತಿದಳು. ಅಲ್ಲಿ ನಿಜವಾಗಿಯೂ ಸದಾ ಮಳೆಯಂತೆ; ಕೋಟಿಗೆ ಕೊನೆಗೂ ಒಂದು ಕೆಲಸ ಸಿಕ್ಕಿದೆ. ವಿಡಿಯೋ ಕರೆ ಬಂದಾಗ ಅವ್ವಮ್ಮ ಫೋನನ್ನು ಗಂಡನ ಬಲಕ್ಕೆ ಹಿಡಿಯುತ್ತಾಳೆ. “ಅಪ್ಪಾ, ತಾಟು?” ಎಂದು ಮಗಳು ಅಷ್ಟು ದೂರದಿಂದ ಕೇಳುತ್ತಾಳೆ. ಅವಳ ತಾಟು ತಿರುಗಿಸಿದ ಆ ಕೈ ಈಗ ಒಮ್ಮೊಮ್ಮೆ ತನ್ನ ತಾಟನ್ನೂ ತಾನೇ ತಿರುಗಿಸಿಕೊಳ್ಳುತ್ತದೆ. ಮರೆತ ದಿನ ಅವ್ವಮ್ಮ ಇದ್ದಾಳೆ, ಅವಳ ಬೈಗುಳವಿದೆ.

ನಾನೂ ಈಗ ಊಟದ ನಡುವೆ ತಾಟು ತಿರುಗಿಸಿ ನೋಡುತ್ತೇನೆ. ಆ ಕಡೆಯೂ ಬಹುತೇಕ ಅದೇ ಹೀರೇಕಾಯಿ ಪಲ್ಯವಿರುತ್ತದೆ. ಆದರೆ ಶಿವಕಾಂತಾಳಂಥ ಜನ ಹೀರೇಕಾಯಿಗೆ ಹೆದರುವವರಲ್ಲ. ತಮಗೆ ಕಾಣದ ಅರ್ಧವೊಂದು ಎಲ್ಲೋ ಇದ್ದೇ ಇದೆಯೆಂಬ ಭರವಸೆಯ ಮೇಲೆ ಅವರ ಬಾಳು ನಿಂತಿರುತ್ತದೆ. ಅದನ್ನು ಪರರ ಮುಂದೆ ತಿರುಗಿಸಿಡುವುದರಲ್ಲಿ ಅವರ ಕೈ ಎಂದೂ ಸೋಲುವುದಿಲ್ಲ. ಸೋಲುವುದು ತಮ್ಮ ತಾಟಿನ ಮುಂದೆ ಮಾತ್ರ. ಆಗ ಪಕ್ಕದಲ್ಲಿ, ಅವರಿಂದಲೇ ಆ ವಿದ್ಯೆ ಕಲಿತವರೊಬ್ಬರು ಊಟಕ್ಕೆ ಕೂತಿರಬೇಕು.